ಹಳೆಯ ಆಲ್ಟೋ, ಹೊಸ ಈಕೋ: ಎಂಜಿನ್ ಎಲ್ಲಿದೆ ಎಂಬಲ್ಲಿಂದ ಶುರು ಮಾಡೋಣ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಿ ಅಡಿಕೆ ಧಾರಣೆಯ ಮಾತು ಮುಗಿದ ಮೇಲೆ ಈಗ ಇನ್ನೊಂದು ಮಾತು ಎದ್ದು ಬರುತ್ತಿದೆ. "ಭಾವ, ಈ ಆಲ್ಟೋ ಕೊಟ್ಟು ಒಂದು ಈಕೋ ತೆಗೆಯುವುದು ಹೇಗೆ?" ಆಲ್ಟೋ ಎಂದರೆ ಮಾರುತಿಯ ಸಣ್ಣ ಕಾರು, ಈಕೋ ಅದೇ ಕಂಪನಿಯ ವ್ಯಾನು. ಕೇಳಿದವನಿಗೆ ಸಿಗುವ ಉತ್ತರ ಎರಡೇ. "ತೆಗೆ ಮಾರಾಯ, ಏಳು ಜನ ಹೋಗಬಹುದು" ಎಂಬುದು ಒಂದು. "ಅದು ಬಾಡಿಗೆಗೆ ಓಡಿಸುವ ವಂಡಿ, ಮನೆಗಲ್ಲ" ಎಂಬುದು ಇನ್ನೊಂದು. ಎರಡರಲ್ಲೂ ಅರ್ಧ ಸತ್ಯ ಇದೆ.

ಈ ಪ್ರಶ್ನೆ ಈಗಲೇ ಏಳಲು ಕಾರಣಗಳಿವೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 18ಕ್ಕೆ ಇಳಿಯಿತು. ಅದಕ್ಕೆ ಮೊದಲು ಶೇ 28 ತೆರಿಗೆ, ಮೇಲೊಂದು ಸೆಸ್ ಇತ್ತು. ಪೆಟ್ರೋಲ್ ಗಾಡಿ 'ಸಣ್ಣದು' ಎನಿಸಿಕೊಳ್ಳಬೇಕಾದರೆ ಎಂಜಿನ್ 1200 ಸಿಸಿ ಒಳಗೆ, ಉದ್ದ 4 ಮೀಟರ್ ಒಳಗೆ ಇರಬೇಕು. ಈಕೋದ ಎಂಜಿನ್ 1197 ಸಿಸಿ! ಮೂರು ಸಿಸಿಯ ಅಂತರದಲ್ಲಿ ಅದು ಗೆರೆಯ ಈಚೆ ಉಳಿಯಿತು. ಇನ್ನೊಂದು ಕಡೆ, 2010ರ ಆಸುಪಾಸಿನಲ್ಲಿ ನಮ್ಮಲ್ಲಿ ಮನೆಮನೆಗೆ ಬಂದ ಆಲ್ಟೋಗಳಿಗೆ ಹದಿನೈದು ವರ್ಷ ತುಂಬಿ ಆರ್‌ಸಿ, ಅಂದರೆ ನೋಂದಣಿ ಪತ್ರದ ಅವಧಿ ಮುಗಿಯುತ್ತಿದೆ. ಹೀಗಾಗಿ ಹಳೆಯದನ್ನು ಉಳಿಸುವುದೋ ಹೊಸದನ್ನು ತರುವುದೋ ಎಂಬ ಲೆಕ್ಕ ಒಂದೇ ಸಮಯಕ್ಕೆ ಅಂಗಳಕ್ಕೆ ಬಂದು ನಿಂತಿದೆ.

ಲೆಕ್ಕಕ್ಕೆ ಕೂರುವ ಮೊದಲು ಈ ಎರಡು ಗಾಡಿಗಳ ಒಳಗೆ ಏನು ಬೇರೆ ಇದೆ ಎಂದು ನೋಡೋಣ. ಹೋಲಿಕೆಗೆ ನಾನು ಇಟ್ಟುಕೊಂಡದ್ದು 796 ಸಿಸಿಯ ಹಳೆಯ ಆಲ್ಟೋ ಮತ್ತು ಇವತ್ತಿನ ಈಕೋ.

ಹದಿನೆಂಟು ಸೆಂಟಿಮೀಟರಿನ ಗುಟ್ಟು

ಹಳೆಯ ಆಲ್ಟೋದ ಉದ್ದ 3495 ಮಿ.ಮೀ. ಈಕೋದ್ದು 3675 ಮಿ.ಮೀ. ವ್ಯತ್ಯಾಸ 18 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತಲೂ ಕಡಿಮೆ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ದೂರವಂತೂ ಹೆಚ್ಚುಕಡಿಮೆ ಒಂದೇ: ಆಲ್ಟೋದಲ್ಲಿ 2360, ಈಕೋದಲ್ಲಿ 2350 ಮಿ.ಮೀ. ಅಗಲದಲ್ಲೂ ಹೇಳಿಕೊಳ್ಳುವ ಅಂತರ ಇಲ್ಲ. ಆಲ್ಟೋ ನಿಲ್ಲುವ ಕೊಟ್ಟಿಗೆಯಲ್ಲಿ ಈಕೋವೂ ನಿಂತೀತು, ಮಾಡು ತಗ್ಗಾಗಿರದಿದ್ದರೆ.

ಹಾಗಾದರೆ ಒಂದರಲ್ಲಿ ಐದು ಜನ ಮುದುಡಿ ಕೂರುವುದು, ಇನ್ನೊಂದರಲ್ಲಿ ಆರೇಳು ಜನ ಕೂರುವುದು ಹೇಗೆ? ಉತ್ತರ ಎಂಜಿನ್ ಇರುವ ಜಾಗದಲ್ಲಿದೆ. ಆಲ್ಟೋದ ಎಂಜಿನ್ ಮುಂದೆ, ಬಾನೆಟ್‌ನ ಅಡಿಯಲ್ಲಿ. ಗಾಡಿಯ ಉದ್ದದ ಒಂದು ಪಾಲು ಅದಕ್ಕೇ ಹೋಗುತ್ತದೆ, ಜನ ಕೂರುವುದು ಉಳಿದ ಜಾಗದಲ್ಲಿ. ಈಕೋದ ಎಂಜಿನ್ ಮುಂದಿನ ಸೀಟುಗಳ ಅಡಿಯಲ್ಲಿದೆ. ಜನ ಎಂಜಿನ್‌ನ ಹಿಂದೆ ಕೂರುವುದಿಲ್ಲ, ಅದರ ಮೇಲೆಯೇ ಕೂರುತ್ತಾರೆ. ಉಪ್ಪರಿಗೆ ಮನೆಗೆ ಅಷ್ಟೇ ಅಡಿಪಾಯದಲ್ಲಿ ಹೆಚ್ಚು ಕೋಣೆ ಸಿಗುವ ಹಾಗೆ. ಎತ್ತರವೂ ಅದಕ್ಕೆ ತಕ್ಕಂತೆ ಬೆಳೆದಿದೆ: ಆಲ್ಟೋ 1460 ಮಿ.ಮೀ., ಈಕೋ 1825 ಮಿ.ಮೀ. ಒಂದಡಿಗಿಂತ ಹೆಚ್ಚು.

ಈ ಉಪಾಯ ಹೊಸದೇನಲ್ಲ. 1984ರಲ್ಲಿ 'ಮಾರುತಿ ವ್ಯಾನ್' ಎಂದು ಬಂದು ಮುಂದೆ ಓಮ್ನಿ ಎಂದು ಹೆಸರಾದ ಗಾಡಿಯೂ ಹೀಗೆಯೇ ಇತ್ತು. ಮಾರುತಿ 800ರ 796 ಸಿಸಿ ಎಂಜಿನನ್ನೇ ಸೀಟಿನಡಿಗೆ ಇಟ್ಟಿದ್ದರು. ಶಾಲೆ ಮಕ್ಕಳ ಗಾಡಿ, ಆಂಬುಲೆನ್ಸ್, ಮದುವೆಯ ಹಿಂದಿನ ದಿನ ತರಕಾರಿ ತರುವ ಗಾಡಿ ಎಲ್ಲವೂ ನಮಗೆ ಓಮ್ನಿಯೇ. 2019ರಲ್ಲಿ ಅದು ನಿಂತಿತು. ಈಕೋ ಬಂದದ್ದು 2010ರಲ್ಲಿ. ಈಗಿನ 1197 ಸಿಸಿ ಎಂಜಿನ್ ಸೇರಿದ್ದು 2022ರ ಕೊನೆಗೆ.

ಎಂಜಿನ್ ಸೀಟಿನಡಿ ಇರುವುದರಿಂದ ಇನ್ನೆರಡು ಸಂಗತಿ ತಾನಾಗಿ ಬರುತ್ತವೆ. ಎಂಜಿನ್ ನೋಡಬೇಕಾದರೆ ಮೆಕ್ಯಾನಿಕ್ ಸೀಟು ಎತ್ತಬೇಕು. ದಾರಿಬದಿಯ ಸಣ್ಣ ರಿಪೇರಿಗೂ ಮುಂದೆ ಕೂತವರು ಇಳಿಯಬೇಕು. ಮತ್ತೆ, ಬೇಸಗೆಯ ಮಧ್ಯಾಹ್ನ ಮಂಗಳೂರಿನಿಂದ ಬರುವಾಗ ಎಂಜಿನ್‌ನ ಬಿಸಿ, ಸದ್ದು ಎರಡೂ ಆಲ್ಟೋದಲ್ಲಿರುವುದಕ್ಕಿಂತ ಹತ್ತಿರದಿಂದ ಬರುತ್ತವೆ.

ಎಳೆಯುವ ಗಾಡಿ, ನೂಕುವ ಗಾಡಿ

ನಮ್ಮ ಊರಿಗೆ ಅತಿ ಮುಖ್ಯವಾದ ವ್ಯತ್ಯಾಸ ಇದು. ಶೋರೂಮಿನಲ್ಲಿ ಇದರ ಬಗ್ಗೆ ಅಷ್ಟಾಗಿ ಮಾತಾಡುವುದಿಲ್ಲ.

ಆಲ್ಟೋದಲ್ಲಿ ಎಂಜಿನ್‌ನ ಬಲ ಮುಂದಿನ ಗಾಲಿಗಳಿಗೆ ಹೋಗುತ್ತದೆ. ಎತ್ತು ಗಾಡಿಯನ್ನು ಎಳೆಯುವ ಹಾಗೆ ಮುಂದಿನ ಗಾಲಿ ಇಡೀ ಕಾರನ್ನು ಎಳೆಯುತ್ತದೆ. ಈಕೋದಲ್ಲಿ ಎಂಜಿನ್‌ನಿಂದ ಒಂದು ಉದ್ದದ ಕಬ್ಬಿಣದ ದಂಡ, ಅಂದರೆ ಪ್ರೊಪೆಲ್ಲರ್ ಶಾಫ್ಟ್, ಗಾಡಿಯ ಹೊಟ್ಟೆಯಡಿ ಹಾದು ಹಿಂದಿನ ಆಕ್ಸಲ್‌ಗೆ ತಲುಪುತ್ತದೆ. ಬಲ ಹಿಂದಿನ ಗಾಲಿಗಳಿಗೆ. ಇದು ತಳ್ಳುಗಾಡಿಯನ್ನು ಹಿಂದಿನಿಂದ ನೂಕಿದ ಹಾಗೆ.

ಕಾಸರಗೋಡಿನ ಒಳನಾಡಿನಲ್ಲಿ ತೋಟ ಇರುವುದು ಕಣಿವೆಯಲ್ಲಿ, ಮನೆ ತೋಟದ ಪಕ್ಕದಲ್ಲಿ, ಡಾಮರು ರಸ್ತೆ ಗುಡ್ಡೆಯ ಮೇಲೆ. ನಡುವೆ ಮುರಕಲ್ಲು ಕಡಿದು ಮಾಡಿದ ಒಂದು ಚಡಾವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಮೇಲೆ ಪಾಚಿ, ಕೆಂಪು ನೀರು, ಸಡಿಲವಾದ ಜಲ್ಲಿ. ಗಾಡಿ ಯಾವುದು ಎಂಬ ಪ್ರಶ್ನೆಗೆ ನಿಜವಾದ ಪರೀಕ್ಷೆ ಅಲ್ಲಿ.

ಗಾಲಿ ನೆಲವನ್ನು ಕಚ್ಚಿ ಹಿಡಿಯಬೇಕಾದರೆ ಅದರ ಮೇಲೆ ಭಾರ ಬೇಕು. ಹಾರೆ ನೆಲಕ್ಕಿಳಿಯಲು ಮೇಲಿನಿಂದ ಒತ್ತಬೇಕಲ್ಲ, ಹಾಗೆ. ಸಮತಟ್ಟಾದ ದಾರಿಯಲ್ಲಿ ಆಲ್ಟೋಗೆ ಈ ಚಿಂತೆಯಿಲ್ಲ. ಎಂಜಿನ್‌ನ ಭಾರ ಎಳೆಯುವ ಗಾಲಿಯ ನೆತ್ತಿಯ ಮೇಲೆಯೇ ಇದೆ. ಆದರೆ ಚಡಾವು ಹತ್ತುವಾಗ ಯಾವುದೇ ಗಾಡಿಯ ಭಾರ ಹಿಂದಕ್ಕೆ ಜಾರುತ್ತದೆ. ಹಿಂದಿನ ಸೀಟಿನಲ್ಲಿ ಮೂರು ಜನ, ಡಿಕ್ಕಿಯಲ್ಲಿ ಹಿಂಡಿಯ ಗೋಣಿ ಇದ್ದರೆ ಇನ್ನಷ್ಟು. ಆಗ ಮುಂದಿನ ಗಾಲಿ ಹಗುರಾಗಿ ಗಿರ್ರೆಂದು ಇದ್ದಲ್ಲೇ ತಿರುಗುತ್ತದೆ. ಹಿಂದೆ ಕೂತವರನ್ನು ಇಳಿಸಿ "ಸ್ವಲ್ಪ ನೂಕಿ" ಎನ್ನುವುದು ನಮಗೆಲ್ಲ ಗೊತ್ತಿರುವ ದೃಶ್ಯ. ಕೆಲವು ಹಳೆಯ ಡ್ರೈವರುಗಳು ಇಂಥ ಚಡಾವನ್ನು ರಿವರ್ಸ್ ಗೇರಿನಲ್ಲಿ ಹತ್ತಿಸುತ್ತಾರೆ. ನೋಡುವವರಿಗೆ ತಮಾಷೆ ಅನ್ನಿಸಿದರೂ ಲೆಕ್ಕ ಸರಿಯಿದೆ: ಕಾರನ್ನು ತಿರುಗಿಸಿದರೆ ಎಳೆಯುವ ಗಾಲಿ ಕೆಳಬದಿಗೆ ಬರುತ್ತದೆ, ಭಾರವೂ ಅಲ್ಲಿಗೇ ಬರುತ್ತದೆ.

ಈಕೋದಲ್ಲಿ ಇದು ತಿರುವುಮುರುವು. ಚಡಾವಿನಲ್ಲಿ ಭಾರ ಹಿಂದಕ್ಕೆ ಜಾರಿದಷ್ಟೂ ನೂಕುವ ಗಾಲಿಗೆ ಹಿಡಿತ ಹೆಚ್ಚು. ನಾಲ್ಕು ಗೋಣಿ ಚಾಲಿ ಅಡಿಕೆ ಹೇರಿದ ಈಕೋ, ಖಾಲಿ ಈಕೋಗಿಂತ ಚೆನ್ನಾಗಿ ಹತ್ತುತ್ತದೆ ಎಂಬ ಮಾತು ಉತ್ಪ್ರೇಕ್ಷೆಯಲ್ಲ. ಆದರೆ ಡ್ರೈವರ್ ಒಬ್ಬನೇ ಇದ್ದು ಹಿಂದೆಲ್ಲ ಖಾಲಿಯಾಗಿದ್ದರೆ ಹಿಂದಿನ ಗಾಲಿಯ ಮೇಲೆ ಭಾರವೇ ಸಾಲದು. ಒದ್ದೆ ತಿರುವಿನಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಬಾಲ ಪಕ್ಕಕ್ಕೆ ಸರಿಯುತ್ತದೆ. ಎಳೆಯುವ ಕಾರು ಜಾರಿದಾಗ ಮೂತಿ ತಿರುವಿನ ಹೊರಗೆ ಹೋಗುತ್ತದೆ, ಕಾಲು ತೆಗೆದರೆ ಹೆಚ್ಚಾಗಿ ಮತ್ತೆ ದಾರಿಗೆ ಬರುತ್ತದೆ. ನೂಕುವ ಗಾಡಿಯ ಬಾಲ ಜಾರಿದಾಗ ಸರಿಪಡಿಸಲು ಕೈ ಪಳಗಿರಬೇಕು. ಇಷ್ಟು ವರ್ಷ ಆಲ್ಟೋ ಓಡಿಸಿದವರು ಮೊದಲ ಮಳೆಗಾಲ ನೆನಪಿಡಬೇಕಾದ ವಿಷಯ ಇದೊಂದೇ ಎಂದರೂ ತಪ್ಪಿಲ್ಲ.

ಬಲ, ಭಾರ ಮತ್ತು ಕಡೆಯುವ ಕಲ್ಲು

ಗಾಡಿಯ ಪುಸ್ತಕದಲ್ಲಿ ಎರಡು ಅಂಕೆಗಳು ಗಲಿಬಿಲಿ ಮಾಡುತ್ತವೆ: ಪವರ್ ಮತ್ತು ಟಾರ್ಕ್. ಕಡೆಯುವ ಕಲ್ಲನ್ನು ನೆನಪಿಸಿಕೊಳ್ಳಿ. ನೆನೆದ ಅಕ್ಕಿ ತುಂಬಿದ ಕಲ್ಲನ್ನು ತಿರುಗಿಸಲು ತೋಳಿನಲ್ಲಿ ಬೇಕಾದ ಬಲ ಟಾರ್ಕ್. ಅದೇ ಕಲ್ಲನ್ನು ನಿಮಿಷಕ್ಕೆ ಎಷ್ಟು ಸುತ್ತು ತಿರುಗಿಸಿ ಎಷ್ಟು ಬೇಗ ಹಿಟ್ಟು ಮುಗಿಸುತ್ತೀರಿ ಎಂಬುದು ಪವರ್. ಚಡಾವಿನಲ್ಲಿ ನಿಂತ ಗಾಡಿಯನ್ನು ಹೊರಡಿಸುವಾಗ ಟಾರ್ಕ್ ಬೇಕು. ಹೆದ್ದಾರಿಯಲ್ಲಿ ಲಾರಿಯನ್ನು ಹಿಂದಿಕ್ಕುವಾಗ ಪವರ್ ಬೇಕು.

ಆಲ್ಟೋದ ಟಾರ್ಕ್ 62 ನ್ಯೂಟನ್ ಮೀಟರ್, ಈಕೋದ್ದು 104.4. ಖಾಲಿ ಆಲ್ಟೋ ಸುಮಾರು 720 ಕೆ.ಜಿ., ಖಾಲಿ ಈಕೋ ಸುಮಾರು 940 ಕೆ.ಜಿ. ಒಬ್ಬರಿಗೆ 65 ಕೆ.ಜಿ. ಎಂದು ಹಿಡಿದು ಆಲ್ಟೋದಲ್ಲಿ ಐದು, ಈಕೋದಲ್ಲಿ ಆರು ಜನರನ್ನು ಕೂರಿಸಿ. ಆಲ್ಟೋ 1045 ಕೆ.ಜಿ. ಆಗುತ್ತದೆ, ಈಕೋ 1330. ಪ್ರತಿ 100 ಕೆ.ಜಿ.ಗೆ ಆಲ್ಟೋದಲ್ಲಿ ಸುಮಾರು 5.9, ಈಕೋದಲ್ಲಿ ಸುಮಾರು 7.8 ನ್ಯೂಟನ್ ಮೀಟರ್ ಬಲ ಸಿಗುತ್ತದೆ. ನಡುವೆ ಗೇರುಗಳ ಆಟವೂ ಇರುವುದರಿಂದ ಇದು ಪೂರ್ತಿ ಲೆಕ್ಕವಲ್ಲ. ಆದರೂ ತುಂಬಿದ ಆಲ್ಟೋ ಚಡಾವಿನಲ್ಲಿ ಏದುಸಿರು ಬಿಡುವುದು ಯಾಕೆ ಎಂಬುದಕ್ಕೆ ಇಷ್ಟು ಸಾಕು. ಒಬ್ಬರೋ ಇಬ್ಬರೋ ಹೋಗುವಾಗ ಆಲ್ಟೋ ಹಗುರ, ಚುರುಕು. ಆಗ ಈಕೋ ಎಳೆಯುವ ಹೆಚ್ಚಿನ ಭಾರವೆಲ್ಲ ಬರೀ ಕಬ್ಬಿಣದ್ದು.

ಎತ್ತರದ ಮಾತು ಇನ್ನೂ ಇದೆ. ಬೈಹುಲ್ಲು ಎತ್ತರಕ್ಕೆ ಹೇರಿದ ಲಾರಿ ತಿರುವಿನಲ್ಲಿ ಓಲಾಡುವುದನ್ನು ನೋಡಿದವರಿಗೆ ವಿವರಿಸಬೇಕಿಲ್ಲ. ಭಾರ ಮೇಲಕ್ಕೆ ಹೋದಷ್ಟೂ ಗಾಡಿ ವಾಲುತ್ತದೆ. ತಲಪಾಡಿಯಿಂದ ಚೆಂಗಳದವರೆಗೆ ಆರು ಪಥವಾಗಿರುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಆಲ್ಟೋದಿಂದ ಈಕೋಗೆ ಬಂದವರಿಗೆ ಮೊದಲು ತಿಳಿಯುವುದು ಪಕ್ಕದ ಗಾಳಿ. ಮೇಲ್ಸೇತುವೆಯ ಮೇಲೆ ಸಮುದ್ರದ ಕಡೆಯಿಂದ ಗಾಳಿ ಬೀಸಿದಾಗ ಗೋಡೆಯಂಥ ಮೈಯ ವ್ಯಾನು ಸ್ಟಿಯರಿಂಗಿನಲ್ಲಿ ಸಣ್ಣಗೆ ಮಾತಾಡುತ್ತದೆ.

ಸಿಪ್ಪೆ ಇರುವ ತೆಂಗಿನಕಾಯಿ

ಮರದಿಂದ ಬಿದ್ದ ತೆಂಗಿನಕಾಯಿ ಸಾಮಾನ್ಯವಾಗಿ ಒಡೆಯುವುದಿಲ್ಲ. ಸುಲಿದ ಕಾಯಿ ಸೊಂಟದೆತ್ತರದಿಂದ ಬಿದ್ದರೂ ಬಿರುಕು ಬಿಡುತ್ತದೆ. ಏಟನ್ನು ಸಿಪ್ಪೆ ನುಂಗಿಕೊಳ್ಳುವುದೇ ಕಾರಣ. ಕಾರಿನ ಮೂತಿ ಮಾಡುವ ಕೆಲಸವೂ ಅದೇ. ಢಿಕ್ಕಿಯಾದಾಗ ಬಾನೆಟ್ ಭಾಗ ಮುದುಡಬೇಕು, ಜನ ಕೂರುವ ಡಬ್ಬಿ ಉಳಿಯಬೇಕು. ವ್ಯಾನಿನ ಮೂತಿ ಮೋಟು. ಓಮ್ನಿಗಿಂತ ಈಕೋಗೆ ಒಂದಿಷ್ಟು ಮೂತಿ ಇದೆ, ಆದರೆ ಸಿಪ್ಪೆ ತೆಳುವೇ.

ಹಾಗೆಂದು ಹಳೆಯ ಸಣ್ಣ ಕಾರು ಭದ್ರ ಎಂದುಕೊಳ್ಳಬೇಡಿ. ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಕಾರುಗಳನ್ನು ಬೇಕೆಂದೇ ಢಿಕ್ಕಿ ಹೊಡೆಸಿ, ಒಳಗಿನ ಬೊಂಬೆಗಳಿಗೆ ಎಷ್ಟು ಪೆಟ್ಟಾಯಿತು ಎಂದು ಅಳೆದು ನಕ್ಷತ್ರ ಕೊಡುತ್ತದೆ. 2014ರಲ್ಲಿ ಆಲ್ಟೋ 800ಕ್ಕೆ, 2016ರಲ್ಲಿ ಏರ್‌ಬ್ಯಾಗ್ ಇಲ್ಲದ ಈಕೋಗೆ ದೊಡ್ಡವರ ಸುರಕ್ಷತೆಯಲ್ಲಿ ಸಿಕ್ಕಿದ್ದು ಸೊನ್ನೆ. ಆ ಕಾಲದ ಎರಡೂ ಗಾಡಿಗಳು ಒಂದೇ ಬೆಂಚಿನವು.

ಆಮೇಲೆ ಕಾನೂನು ಬಿಗಿಯಾಯಿತು. 2019ರಿಂದ ಹೊಸ ಕಾರುಗಳಿಗೆ ಎಬಿಎಸ್ ಮತ್ತು ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾದವು, ಪಕ್ಕದ ಸೀಟಿನ ಏರ್‌ಬ್ಯಾಗ್ 2022ಕ್ಕೆ ಬಂತು. 2025ರಲ್ಲಿ ಈಕೋಗೆ ಆರು ಏರ್‌ಬ್ಯಾಗ್ ಬಂದವು. ಅದೇ ಹೊತ್ತಿಗೆ ಏಳು ಸೀಟಿನ ಮಾದರಿ ಹೋಗಿ ಆರು ಸೀಟಿನದು ಬಂತು. "ಏಳು ಜನ ಹೋಗಬಹುದು" ಎಂದ ಭಾವ ಸೆಕೆಂಡ್ ಹ್ಯಾಂಡ್ ಈಕೋದ ಮಾತಾಡುತ್ತಿದ್ದಾನೆ ಎಂದಾಯಿತು.

ಇವುಗಳಲ್ಲಿ ನಮ್ಮ ಮಳೆಗೆ ಹೆಚ್ಚು ಉಪಯೋಗದ್ದು ಎಬಿಎಸ್. ಒದ್ದೆ ರಸ್ತೆಯಲ್ಲಿ ದನ ಅಡ್ಡ ಬಂತು, ಬ್ರೇಕ್ ಒತ್ತಿ ಹಿಡಿದಿರಿ. ಹಳೆಯ ಆಲ್ಟೋದಲ್ಲಿ ಗಾಲಿ ತಿರುಗುವುದು ನಿಂತೇ ಹೋಗುತ್ತದೆ. ನಿಂತ ಗಾಲಿ ಪಾಚಿಯ ಮೇಲಿನ ಹವಾಯಿ ಚಪ್ಪಲಿಯಂತೆ ಜಾರುತ್ತದೆ, ಸ್ಟಿಯರಿಂಗ್ ಎತ್ತ ತಿರುಗಿಸಿದರೂ ಕಾರು ನೇರ ಹೋಗುತ್ತದೆ. ಎಬಿಎಸ್ ಇದ್ದರೆ ಗಾಲಿ ನಿಲ್ಲುವ ಗಳಿಗೆಗೆ ಬ್ರೇಕನ್ನು ಅದೇ ಬಿಟ್ಟು ಮತ್ತೆ ಹಿಡಿಯುತ್ತದೆ, ಸೆಕೆಂಡಿಗೆ ಹಲವು ಬಾರಿ. ಕಾಲಿನಡಿ ಪೆಡಲ್ ಗಡಗಡ ಎನ್ನುತ್ತದೆ. ಹೆದರಿ ಕಾಲು ತೆಗೆಯಬಾರದು. ದನವನ್ನು ತಪ್ಪಿಸಿಕೊಂಡು ಹೋಗಲು ಸ್ಟಿಯರಿಂಗ್ ನಿಮ್ಮ ಕೈಯಲ್ಲಿ ಉಳಿಯುತ್ತದೆ.

ಮೈಲೇಜಿಗಾಗಿ ಬದಲಿಸುವುದಾದರೆ

ಪೆಟ್ರೋಲ್ ಈಕೋಗೆ ಕಂಪನಿ ಹೇಳುವ ಮೈಲೇಜ್ ಲೀಟರಿಗೆ 19.71 ಕಿ.ಮೀ. ಸಿಎನ್‌ಜಿಯಲ್ಲಿ ಕೆ.ಜಿ.ಗೆ 26.78 ಕಿ.ಮೀ. ಇವು ಪ್ರಯೋಗಶಾಲೆಯ ರೋಲರ್ ಮೇಲೆ ಓಡಿಸಿ ಅಳೆದ ಅಂಕೆಗಳು. ಆ ರೋಲರಿಗೆ ಪೆರ್ಲದ ತಿರುವೂ ಇಲ್ಲ, ಕುಂಬಳೆ ಪೇಟೆಯ ಬ್ಲಾಕೂ ಇಲ್ಲ.

ಒಂದು ಲೆಕ್ಕ ಹಾಕೋಣ. ಅಂಕೆ ನನ್ನದು, ನಿಮ್ಮದನ್ನು ನೀವು ತುಂಬಿಕೊಳ್ಳಿ. ಹಳೆಯ ಆಲ್ಟೋ ಲೀಟರಿಗೆ 16, ಈಕೋ 14 ಕೊಡುತ್ತದೆ ಎನ್ನಿ. ಪೆಟ್ರೋಲ್ ಲೀಟರಿಗೆ ₹105. ಕಾಸರಗೋಡಿನಿಂದ ಮಂಗಳೂರಿನ ಆಸ್ಪತ್ರೆಗೆ ಹೋಗಿ ಬರಲು ಸುಮಾರು 100 ಕಿ.ಮೀ. ಆಲ್ಟೋಗೆ ₹656, ಈಕೋಗೆ ₹750. ವರ್ಷಕ್ಕೆ 8000 ಕಿ.ಮೀ. ಓಡಿದರೆ ಅಂತರ ಸುಮಾರು ₹7500. ಇದು ಗಾಡಿ ಬದಲಿಸಲು ಕಾರಣವೂ ಅಲ್ಲ, ಬದಲಿಸದಿರಲು ಕಾರಣವೂ ಅಲ್ಲ. ಉಪನಯನಕ್ಕೆ ಹೋಗುವಾಗ ಎರಡು ಟ್ರಿಪ್ ಹೊಡೆಯುವುದು, ಅಡಿಕೆ ಕೊಂಡೊಯ್ಯಲು ಜೀಪು ಗೊತ್ತು ಮಾಡುವುದು ವರ್ಷಕ್ಕೆ ಎಷ್ಟು ಸಲ ಎಂದು ಬರೆದಿಟ್ಟರೆ ಅಲ್ಲಿ ದೊಡ್ಡ ಅಂಕೆ ಸಿಗಬಹುದು. ಸಿಗದೆಯೂ ಇರಬಹುದು. ವರ್ಷದ ಮೂರು ಉಪನಯನಕ್ಕಾಗಿ ಉಳಿದ ದಿನವೆಲ್ಲ ಖಾಲಿ ವ್ಯಾನು ಓಡಿಸುವವರನ್ನೂ ನಾನು ಕಂಡಿದ್ದೇನೆ.

ಪಂಪಿನಲ್ಲಿ ಈಗ ಸಿಗುವ ಇ20 ಪೆಟ್ರೋಲ್ ಬಗ್ಗೆಯೂ ಒಂದು ಮಾತು. ಅದರಲ್ಲಿ ಐದನೇ ಒಂದು ಪಾಲು ಎಥನಾಲ್. ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಲೀಟರ್ ಪೆಟ್ರೋಲ್‌ನದ್ದರ ಸುಮಾರು ಮೂರನೇ ಎರಡರಷ್ಟು. ಹಾಗಾಗಿ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಇ20ಯಲ್ಲಿ ಸುಮಾರು ಶೇ 7 ಶಕ್ತಿ ಕಡಿಮೆ. 2023ರ ಏಪ್ರಿಲ್‌ನಿಂದ ಬಂದ ಗಾಡಿಗಳ ಪೈಪು, ಸೀಲುಗಳು ಇದಕ್ಕೆ ತಕ್ಕವು. 2010ರ ಆಲ್ಟೋದ ರಬ್ಬರ್ ಭಾಗಗಳು ಇದನ್ನು ಲೆಕ್ಕಕ್ಕಿಟ್ಟು ಮಾಡಿದವಲ್ಲ. ಎಥನಾಲ್ ನೀರನ್ನು ಹೀರುತ್ತದೆ. ನಮ್ಮ ಹವೆಯಲ್ಲಿ ತೇವಕ್ಕೆ ಬರವಿಲ್ಲ. ಹಳೆಯ ಕಾರನ್ನು ಮಳೆಗಾಲವಿಡೀ ಓಡಿಸದೆ ನಿಲ್ಲಿಸುವವರು ಟ್ಯಾಂಕಿಯಲ್ಲಿ ತಿಂಗಳುಗಟ್ಟಲೆ ಅದೇ ಎಣ್ಣೆ ಬಿಡದಿರುವುದು ಒಳ್ಳೆಯದು. ಪೈಪುಗಳನ್ನೊಮ್ಮೆ ಮೆಕ್ಯಾನಿಕ್‌ಗೆ ತೋರಿಸಿ.

ಕಾಗದಪತ್ರ, ಅದೂ ಗಡಿಯಲ್ಲಿ

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಗಾಡಿಯನ್ನು ಆರ್‌ಟಿಒಗೆ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರಿಗೆ ಈ ಶುಲ್ಕ ₹5000 ಆಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ ₹10,000ಕ್ಕೆ ಏರಿತು. ಇದಲ್ಲದೆ ಕೇರಳದ ಹಸಿರು ತೆರಿಗೆ ಬೇರೆ. 2010ರ ಆಲ್ಟೋವನ್ನು ಈಗ ನವೀಕರಿಸಿದರೆ 2030ರವರೆಗೆ ತೊಂದರೆಯಿಲ್ಲ. ಮುಂದಿನ ಸಲದ ಶುಲ್ಕ ಇಮ್ಮಡಿ.

ವಿಮೆಯಲ್ಲಿ ಎಂಜಿನ್‌ನ ಗಾತ್ರ ಕೆಲಸ ಮಾಡುತ್ತದೆ. 2022ರ ಜೂನ್‌ನಲ್ಲಿ ನಿಗದಿಯಾದ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಯ ವಿಮೆ) ದರದಂತೆ 1000 ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ ₹2094, 1000ದಿಂದ 1500 ಸಿಸಿಗೆ ₹3416. ತೆರಿಗೆ ಇದರ ಮೇಲೆ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿಯನ್ನು ಒಟ್ಟಿಗೆ ಕಟ್ಟಬೇಕು.

ಇನ್ನು ಗಡಿಯ ಪಾಡು. ನೆಂಟರೆಲ್ಲ ಪುತ್ತೂರು, ವಿಟ್ಲ, ಮಂಗಳೂರಿನಲ್ಲಿ; ಒಳ್ಳೆಯ ಗಾಡಿ ಎಂದು ಕೆಎ 19 ಅಥವಾ ಕೆಎ 21 ನಂಬರಿನದು ಇತ್ತ ಬರುತ್ತದೆ. ಒಂದು ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇನ್ನೊಂದು ರಾಜ್ಯದಲ್ಲಿಟ್ಟರೆ ಅಲ್ಲಿನ ನಂಬರ್ ಮಾಡಿಸಬೇಕು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್. ಅದಕ್ಕೆ ಮೊದಲು ಕರ್ನಾಟಕದ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪವಿಲ್ಲ ಎಂಬ ಪತ್ರ ಬೇಕು, ಕೇರಳಕ್ಕೆ ತೆರಿಗೆ ಕಟ್ಟಬೇಕು. "ಮಂಗಳೂರಿನಲ್ಲಿ ಕಡಿಮೆಗೆ ಸಿಕ್ಕಿತು" ಎನ್ನುವಾಗ ಈ ಮೊತ್ತವನ್ನೂ ಕೂಡಿಸಿ ಹೇಳಬೇಕು.

ಮತ್ತೊಂದು: ಬಿಳಿ ಬೋರ್ಡಿನ ಈಕೋದಲ್ಲಿ ಸ್ವಂತ ಮನೆಯವರನ್ನು ಕರೆದೊಯ್ಯಬಹುದು, ಬಾಡಿಗೆ ಓಡಿಸುವಂತಿಲ್ಲ. ಹಿಂದಿನ ಸೀಟು ಕಿತ್ತು ಸಾಮಾನಿನ ಗಾಡಿ ಮಾಡುವುದೂ ನೋಂದಣಿಗೆ ವಿರುದ್ಧ. ಸಾಮಾನಿಗೆಂದೇ ಈಕೋ ಕಾರ್ಗೋ ಬೇರೆ ಇದೆ.

ಹೋಗಿ ನೋಡುವಾಗ

ಹಳೆಯ ಆಲ್ಟೋವನ್ನು ಉಳಿಸಿಕೊಳ್ಳುವ ಯೋಚನೆ ಇದ್ದರೆ ಎಂಜಿನ್‌ಗಿಂತ ಮೊದಲು ತುಕ್ಕು ನೋಡಿ. ಎಂಜಿನ್‌ನ ಭಾಗಗಳು ಪೇಟೆಯಲ್ಲಿ ಸಿಗುತ್ತವೆ; ಕಡಲ ಗಾಳಿ ತಿಂದ ಮೈ ಮತ್ತೆ ಬರುವುದಿಲ್ಲ. ಕಾಲಡಿಯ ಮ್ಯಾಟ್ ಎತ್ತಿ, ಬಾಗಿಲ ಕೆಳಗಿನ ಅಂಚನ್ನು ಬೆರಳಿನಿಂದ ಒತ್ತಿ, ಬಾನೆಟ್ ತೆರೆದು ಮುಂದಿನ ಶಾಕ್ ಅಬ್ಸರ್ಬರ್ ಕೂರುವ ಬುಡವನ್ನು ನೋಡಿ. ಅಲ್ಲಿ ಕಬ್ಬಿಣ ಹಪ್ಪಳದಂತೆ ಪುಡಿಯಾದರೆ ಆ ಕಾರಿಗೆ ₹5000 ಶುಲ್ಕ ಕಟ್ಟುವುದು ದಂಡ.

ಈಕೋ ನೋಡಲು ಹೋಗುವಾಗ ಮನೆಯ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಆಲ್ಟೋದಲ್ಲಿ ಅವರು ಸೀಟಿಗೆ ಇಳಿದು ಕೂರಬೇಕಿತ್ತು, ಏಳುವಾಗ ಕಷ್ಟ. ಇಲ್ಲಿ ಹತ್ತಿ ಕೂರಬೇಕು, ಹತ್ತುವಾಗ ಕಷ್ಟ. ಜಾರುಬಾಗಿಲು ಇರುವುದರಿಂದ ಇಕ್ಕಟ್ಟಿನ ಓಣಿಯಲ್ಲೂ ಪೂರ್ತಿ ತೆರೆಯುತ್ತದೆ. ಆದರೆ ಯಾವುದು ಸುಲಭ ಎಂಬುದನ್ನು ಅವರ ಮೊಣಕಾಲೇ ಹೇಳಬೇಕು. ಆರೂ ಸೀಟು ತುಂಬಿದಾಗ ಹಿಂದೆ ಬ್ಯಾಗು ಇಡಲು ಎಷ್ಟು ಜಾಗ ಉಳಿಯುತ್ತದೆ ಎಂದೂ ಕಣ್ಣಾರೆ ನೋಡಿ. ಟೆಸ್ಟ್ ಡ್ರೈವ್ ಎಂದು ಶೋರೂಮಿನವರು ಹೆದ್ದಾರಿಯಲ್ಲಿ ಎರಡು ಕಿ.ಮೀ. ಓಡಿಸಿ ತೋರಿಸುತ್ತಾರೆ. ಅಲ್ಲಿ ಎಲ್ಲ ಗಾಡಿಯೂ ಚೆನ್ನಾಗಿಯೇ ಓಡುತ್ತದೆ. ಗಾಡಿಯನ್ನು ಮನೆಯವರೆಗೆ ತರಲು ಕೇಳಿ, ಸಾಧ್ಯವಾದರೆ ಮಳೆ ಬಂದ ಮರುದಿನ. ಅಂಗಳದಿಂದ ಚಡಾವು ಹತ್ತಿಸಿ, ಒಮ್ಮೆ ಒಬ್ಬರೇ ಕೂತು, ಇನ್ನೊಮ್ಮೆ ಮನೆಯವರನ್ನೆಲ್ಲ ಕೂರಿಸಿಕೊಂಡು, ಅರ್ಧದಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ.